ಉದ್ಯೋಗಸ್ಥಳದ ತಾರತಮ್ಯ, ಕಿರುಕುಳ ಮತ್ತು ಕಾನೂನು ರಕ್ಷಣೆ: ನಾಗಸಂದ್ರ–ಪೀಣ್ಯ

ನಾಗಸಂದ್ರವು ಬೆಂಗಳೂರಿನ ವಾಯವ್ಯ ಅಂಚಿನಲ್ಲಿ, ತುಮಕೂರು ರಸ್ತೆಗೆ ತಾಗಿಕೊಂಡಿರುವ ಬಡಾವಣೆ. ಪೀಣ್ಯ ಕೈಗಾರಿಕಾ ಪ್ರದೇಶ ಇದರ ನೆರೆ. 2015ರ ಮೇ 1ರಿಂದ, 2024ರ ನವೆಂಬರ್‌ನಲ್ಲಿ ಮಾರ್ಗ ಮಾದಾವರಕ್ಕೆ ಮುಂದುವರಿಯುವ ತನಕ, ನಮ್ಮ ಮೆಟ್ರೊ ಹಸಿರು ಮಾರ್ಗದ ಉತ್ತರದ ಕೊನೆಯ ನಿಲ್ದಾಣ ಇಲ್ಲೇ ಇತ್ತು. ಈ ಭಾಗದಲ್ಲಿ ನೂರಾರು ಟೈಲರ್‌ಗಳು ದುಡಿಯುವ ಗಾರ್ಮೆಂಟ್ಸ್ ಕಾರ್ಖಾನೆಗಳೂ ಇವೆ, ಆರೇಳು ಜನರ ಲೇತ್ ಶೆಡ್‌ಗಳೂ ಇವೆ. ಕಿರುಕುಳಕ್ಕೆ ಒಳಗಾದವರು ಯಾರ ಬಾಗಿಲು ತಟ್ಟಬೇಕು ಎಂಬುದು ಬಹುಮಟ್ಟಿಗೆ ಕೆಲಸಗಾರರ ಈ ಸಂಖ್ಯೆಯ ಮೇಲೆಯೇ ನಿಂತಿದೆ.

ಉದ್ಯೋಗದಲ್ಲಿನ ಎಲ್ಲ ಬಗೆಯ ತಾರತಮ್ಯವನ್ನೂ ನಿಷೇಧಿಸುವ ಒಂದೇ ಸಮಗ್ರ ಕಾಯ್ದೆ ಭಾರತದಲ್ಲಿಲ್ಲ. ಸಂವಿಧಾನದ 14, 15 ಮತ್ತು 16ನೇ ವಿಧಿಗಳು ಸಮಾನತೆಯ ಭರವಸೆ ಕೊಟ್ಟರೂ ಉದ್ಯೋಗದ ವಿಷಯದಲ್ಲಿ ಅವು ಮುಖ್ಯವಾಗಿ ಕಟ್ಟಿಹಾಕುವುದು ಸರ್ಕಾರವನ್ನು. ಆ ವಿಧಿಗಳನ್ನು ಹಿಡಿದು ಹೋರಾಡಿದವರಲ್ಲಿ ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಪ್ರಮುಖರು. ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆಯಾದ ಅವರು, ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮವನ್ನೂ ಬಡ್ತಿಯಲ್ಲಿ ತಮಗಾದ ಅನ್ಯಾಯವನ್ನೂ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿ ಬಾಕಿ ಇರುವಾಗಲೇ ಬಡ್ತಿ ಬಂತು. ಆದರೂ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ 1979ರ ತೀರ್ಪಿನಲ್ಲಿ ಆ ನಿಯಮಗಳನ್ನು ಕಟುವಾಗಿ ಟೀಕಿಸಿತು. ಖಾಸಗಿ ಕಾರ್ಖಾನೆಯ ಕೆಲಸಗಾರ್ತಿಗೆ ಮುತ್ತಮ್ಮನವರ ದಾರಿ ಅಷ್ಟು ನೇರವಾಗಿ ತೆರೆದಿಲ್ಲ. ಆಕೆ ಬಿಡಿಬಿಡಿ ಕಾಯ್ದೆಗಳನ್ನೇ ಆಶ್ರಯಿಸಬೇಕು.

ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು, ಕಂಪನಿಗಳಲ್ಲಿ 'ಪೋಶ್' ಎಂದೇ ಹೆಸರಾದ, ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನ ಮಾರ್ಗಸೂಚಿಗಳು ಹದಿನಾರು ವರ್ಷ ಕಾನೂನಿನ ಜಾಗ ತುಂಬಿದ್ದವು. ಕಾಯ್ದೆ ಜಾರಿಗೆ ಬಂದದ್ದು 2013ರ ಡಿಸೆಂಬರ್ 9ರಂದು. ಕಾಯಂ ನೌಕರರಷ್ಟೇ ಅಲ್ಲ, ಗುತ್ತಿಗೆಯವರು, ದಿನಗೂಲಿಯವರು, ಅಪ್ರೆಂಟಿಸ್‌ಗಳು ಎಲ್ಲರೂ ಇದರ ರಕ್ಷಣೆಗೆ ಬರುತ್ತಾರೆ. ಕಂಪನಿ ಒದಗಿಸಿದ ಬಸ್ಸು, ಕ್ಯಾಬು ಕೂಡ ಉದ್ಯೋಗಸ್ಥಳವೇ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಹಿರಿಯ ಮಹಿಳಾ ಉದ್ಯೋಗಿ ಅದರ ಅಧ್ಯಕ್ಷೆ, ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರು, ಒಬ್ಬರು ಹೊರಗಿನವರು.

ದೂರು ಲಿಖಿತವಾಗಿರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ, ಸಾಕ್ಷಿಗಳ ವಿವರದೊಂದಿಗೆ ಆರು ಪ್ರತಿ ಸಲ್ಲಿಸಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಬರೆಯಲು ಬಾರದವರಿಗೆ ದೂರನ್ನು ಬರವಣಿಗೆಗೆ ಇಳಿಸಲು ನೆರವಾಗುವುದು ಸಮಿತಿಯದೇ ಹೊಣೆ. ದೂರಿನ ಪ್ರತಿ ಏಳು ಕೆಲಸದ ದಿನಗಳೊಳಗೆ ಎದುರಾಳಿಗೆ ಹೋಗಬೇಕು, ವಿಚಾರಣೆ 90 ದಿನಗಳೊಳಗೆ ಮುಗಿಯಬೇಕು. ಎರಡೂ ಕಡೆಯವರು ವಕೀಲರನ್ನು ಕರೆತರುವಂತಿಲ್ಲ. ದೂರುದಾರಳೇ ಕೇಳಿಕೊಂಡರೆ ಮಾತ್ರ ರಾಜಿ, ಅದೂ ಹಣದ ಆಧಾರದ ಮೇಲಲ್ಲ. ವಿಚಾರಣೆ ನಡೆಯುವಾಗ ಆಕೆ ಕೋರಿದರೆ ಬೇರೆಡೆಗೆ ವರ್ಗ ಮಾಡಬೇಕೆಂದೋ ಮೂರು ತಿಂಗಳವರೆಗೆ ರಜೆ ಕೊಡಬೇಕೆಂದೋ ಸಮಿತಿ ಶಿಫಾರಸು ಮಾಡಬಹುದು. ದೂರನ್ನು ಸಾಬೀತುಪಡಿಸಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸುಳ್ಳು ದೂರಾಗುವುದಿಲ್ಲ. ಸಮಿತಿಯನ್ನೇ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡವಿದೆ.

ಹತ್ತಕ್ಕಿಂತ ಕಡಿಮೆ ಜನರಿರುವ ಶೆಡ್‌ಗಳಲ್ಲಿ ಆಂತರಿಕ ಸಮಿತಿ ಇರುವುದಿಲ್ಲ. ಅಲ್ಲಿನವರೂ, ಸ್ವತಃ ಮಾಲೀಕನ ಮೇಲೆಯೇ ದೂರಿರುವವರೂ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು. ಸಣ್ಣ ಘಟಕಗಳೇ ತುಂಬಿರುವ ಪೀಣ್ಯದಂಥ ಕಡೆ ಈ ಸಮಿತಿಯೇ ನಿಜವಾದ ಆಸರೆ. ಆದರೆ ಕಾಯ್ದೆಯ ಅತ್ಯಂತ ದುರ್ಬಲ ಕೊಂಡಿಯೂ ಇದೇ. ಜಿಲ್ಲಾಧಿಕಾರಿ ಕಚೇರಿಯತನಕ ಹೋಗಿಬರಲು ದಿನಗೂಲಿ ಬಿಡಬೇಕಾದ ಹೆಲ್ಪರ್ ಹೆಂಗಸನ್ನು ಕಾಯ್ದೆ ಬರೆದವರು ನೆನೆದಂತೆ ಕಾಣುವುದಿಲ್ಲ. ಔರೆಲಿಯಾನೊ ಫರ್ನಾಂಡಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಜಾರಿಯ ಲೋಪಗಳನ್ನು ಎತ್ತಿ ತೋರಿಸಿತು. ಪ್ರತಿ ಜಿಲ್ಲೆಗೂ ಅಧಿಕಾರಿಯನ್ನು ನೇಮಿಸಿ ಎಂದು 2024ರ ಡಿಸೆಂಬರ್‌ನಲ್ಲೂ ನಿರ್ದೇಶನ ಕೊಡಬೇಕಾಗಿ ಬಂತು.

ಗಾರ್ಮೆಂಟ್ಸ್ ಮಹಿಳೆಯರ ದಿನನಿತ್ಯದ ಗೋಳು ಬೇರೆಯೇ ಒಂದಿದೆ. ಗಂಟೆಯ ಟಾರ್ಗೆಟ್ ಮುಟ್ಟದಿದ್ದಾಗ ಲೈನ್ ನಡುವೆ ನಿಂತು ಸೂಪರ್‌ವೈಸರ್ ಬೈಯುವುದು, ಪೀಸ್‌ಗಳನ್ನು ಮುಖಕ್ಕೆ ಎಸೆಯುವುದು, ಶೌಚಾಲಯಕ್ಕೆ ಹೋದರೂ ಸಮಯ ಲೆಕ್ಕ ಹಾಕುವುದು. ಇದರಲ್ಲಿ ಲೈಂಗಿಕ ಅಂಶ ಇಲ್ಲದಿದ್ದರೆ ಪೋಶ್ ಕಾಯ್ದೆ ಅನ್ವಯಿಸದು. ಆಗ ಉಳಿಯುವುದು ಕಾರ್ಖಾನೆಯ ಸ್ಥಾಯಿ ಆದೇಶಗಳು (ಕೆಲಸದ ಷರತ್ತು, ಶಿಸ್ತಿನ ಲಿಖಿತ ನಿಯಮಗಳು), ಕುಂದುಕೊರತೆ ಸಮಿತಿ ಮತ್ತು ಕಾರ್ಮಿಕ ಸಂಘ. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಸ್ಥಾಯಿ ಆದೇಶ ಕಡ್ಡಾಯವಾಗುವುದು 300 ಕಾರ್ಮಿಕರಿದ್ದರೆ ಮಾತ್ರ. ಕುಂದುಕೊರತೆ ಸಮಿತಿಗೆ 20 ಜನ ಸಾಕು. ಒಗ್ಗಟ್ಟಿನ ಬಲವನ್ನು ಈ ಮಹಿಳೆಯರು ತೋರಿಸಿಕೊಟ್ಟಿದ್ದಾರೆ: ಭವಿಷ್ಯನಿಧಿ ಹಿಂಪಡೆಯುವ ನಿಯಮ ಬಿಗಿಯಾದಾಗ 2016ರ ಏಪ್ರಿಲ್‌ನಲ್ಲಿ ಅವರು ಹೊಸೂರು ರಸ್ತೆಯಲ್ಲೂ ಪೀಣ್ಯದ ಕಡೆಯೂ ಬೀದಿಗಿಳಿದರು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಥೆ ಬೇರೆ. ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ 2014ರಿಂದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ನೀಡುತ್ತ ಬಂದಿತು. ಪೋಶ್ ಸಮಿತಿ ಮತ್ತು ಕುಂದುಕೊರತೆ ಸಮಿತಿ ಇರಬೇಕೆಂಬುದು ಅದರ ಷರತ್ತುಗಳಲ್ಲಿ ಸೇರಿತ್ತು.

ಲೈಂಗಿಕ ಕಿರುಕುಳವು ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನಡಿ ಅಪರಾಧವೂ ಹೌದು, ಹಾಗಾಗಿ ಪೊಲೀಸ್ ದೂರಿನ ದಾರಿಯೂ ತೆರೆದಿದೆ. ಬೇರೆ ಬಗೆಯ ತಾರತಮ್ಯಕ್ಕೂ ಕಾನೂನಿನ ತಡೆ ಇದೆ: ಹೆರಿಗೆ ರಜೆಯಲ್ಲಿರುವವರನ್ನು ಕೆಲಸದಿಂದ ತೆಗೆಯುವಂತಿಲ್ಲ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು–ಗಂಡೆಂದು ಬೇರೆ ಕೂಲಿ ಕೊಡುವಂತಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಖಾಸಗಿ ಸಂಸ್ಥೆಗಳಿಂದಲೂ ಸಮಾನ ಅವಕಾಶದ ನೀತಿ ಕೇಳುತ್ತದೆ, 2019ರ ಕಾಯ್ದೆ ಲಿಂಗತ್ವ ಅಲ್ಪಸಂಖ್ಯಾತರ ವಿರುದ್ಧದ ಉದ್ಯೋಗ ತಾರತಮ್ಯವನ್ನು ನಿಷೇಧಿಸುತ್ತದೆ. ಪರಿಶಿಷ್ಟ ಜಾತಿ–ಪಂಗಡದವರನ್ನು ಜಾತಿ ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಆದರೆ ನಿಂದನೆ ಸಾರ್ವಜನಿಕರ ಕಣ್ಣೆದುರಿನಲ್ಲಿ ನಡೆದಿರಬೇಕು. ಬಾಗಿಲು ಹಾಕಿದ ಕ್ಯಾಬಿನ್ನಿನಲ್ಲಿ ಇಬ್ಬರೇ ಇದ್ದಾಗ ಆಡಿದ ಮಾತಿಗೆ ಅದು ತಾಗುವುದು ಕಷ್ಟ. ಇದು ತುಂಬಲೇಬೇಕಾದ ಕೊರತೆ.

ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು ಮತ್ತು ಕೈಗಾರಿಕಾ ಕಾರ್ಮಿಕರಿಗೆ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ. ಅದಕ್ಕಾಗಿ ಕರೆ ಮಾಡಬೇಕಾದ ಸಹಾಯವಾಣಿ 15100.