ಬೂತಾಯಿ ಮೀನೂ ಸರಕಾರದ ಕಟ್ಟಳೆಯೂ

ಮುಂಬಯಿಯ ಮಾರುಕಟ್ಟೆಯಲ್ಲಿ ‘ತಾರ್ಲಿ’ ಎಂದು ಕೂಗಿ ಮಾರುವ ಮೀನು ಮಂಗಳೂರು, ಉಡುಪಿ ಕಡೆಯ ನಮ್ಮವರಿಗೆ ಬೂತಾಯಿ, ಕಾರವಾರದವರಿಗೆ ತಾರ್ಲೆ, ಮಲೆಯಾಳಿಗಳಿಗೆ ಮತ್ತಿ. ಅಗ್ಗದ ಮೀನೆಂದು ಮೂಗು ಮುರಿಯುವವರೂ ಅದರ ಪುಳಿಮುಂಚಿಯ ಮುಂದೆ ಸುಮ್ಮನಾಗುತ್ತಾರೆ. ಈ ಬಡವರ ಮೀನನ್ನು ಉಳಿಸಲೆಂದು ಸುಮಾರು ಎಂಬತ್ತು ವರ್ಷಗಳ ಹಿಂದೆಯೇ ಸರಕಾರವೊಂದು ಕಟ್ಟಳೆ ಮಾಡಿತ್ತೆಂಬ ಸಂಗತಿ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತಾದ್ದರಿಂದ ಆ ಕಟ್ಟಳೆ ನಮ್ಮ ಹಿರಿಯರ ದೋಣಿಗಳಿಗೂ ತಗಲಿತ್ತು.

ಬೂತಾಯಿ ತಿನ್ನುವುದಕ್ಕೆ ಮಾತ್ರವೇ ಇದ್ದ ಮೀನಲ್ಲ. ರಂಪಣಿ ಬಲೆಗೆ ರಾಶಿ ಬಿದ್ದಾಗ ತಿಂದು ಮುಗಿಯದೆ, ಒಣಗಿಸಿ ತೀರದೆ, ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು. ಉಳಿದುದನ್ನು ಹಳೆಯ ದೋಣಿಗಳಲ್ಲಿ ಕೊಳೆಯಹಾಕಿ ಎಣ್ಣೆ ತೆಗೆಯುತ್ತಿದ್ದರು. ಆ ನಾತವನ್ನು ಓದುಗರು ಊಹಿಸಿಕೊಳ್ಳಬಹುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಮೀನುಗಾರಿಕೆ ಇಲಾಖೆಯನ್ನು ಕಟ್ಟಿದ ಸರ್ ಫ್ರೆಡರಿಕ್ ನಿಕೋಲ್ಸನ್ ಅವರು ಮಲಬಾರಿನ ತಾನೂರಿನಲ್ಲಿ ಪ್ರಯೋಗ ನಡೆಸಿ, ಹಸಿ ಮೀನನ್ನು ಕುದಿಸಿ, ಹಿಂಡಿ ಶುದ್ಧ ಎಣ್ಣೆ ತೆಗೆಯುವ ಕ್ರಮವನ್ನು ಕಡಲ ಜನರಿಗೆ ಕಲಿಸಿದರು. ಹಿಂಡಿ ಉಳಿದದ್ದು ತೋಟಗಳಿಗೆ ಒಳ್ಳೆಯ ಗೊಬ್ಬರ. ಕೆಲವೇ ವರ್ಷಗಳಲ್ಲಿ ಕರಾವಳಿಯುದ್ದಕ್ಕೂ ನೂರಾರು ಸಣ್ಣ ಕಾರ್ಖಾನೆಗಳು ಎದ್ದವು. ಒಂದು ಹಂಡೆ, ಒಂದು ಒತ್ತುಯಂತ್ರ, ಒಂದು ಚಪ್ಪರ, ಅಷ್ಟೇ ಬಂಡವಾಳ. ಮೀನಿಗೆ ಈಗ ಮಿತಿಯಿಲ್ಲದ ಗಿರಾಕಿ ಸಿಕ್ಕಿದ್ದ.

1940ರ ದಶಕ ಬಂತು. ಬೂತಾಯಿ ಬರುವುದು ಬಹುಮಟ್ಟಿಗೆ ನಿಂತೇಹೋಯಿತು. ಇಲಾಖೆಯ ವಿಜ್ಞಾನಿ ದೇವನೇಶನ್ ಅವರು ಇದಕ್ಕೆ ಅತಿಯಾದ ಹಿಡಿತವೇ ಕಾರಣವೆಂದು ಕಂಡರು. ಮೊಟ್ಟೆಯಿಡಬೇಕಾದ ದೊಡ್ಡ ಮೀನನ್ನೂ ಬೆಳೆಯಬೇಕಾದ ಮರಿಯನ್ನೂ ಎತ್ತಿಬಿಟ್ಟರೆ ಮುಂದಿನ ವರ್ಷಕ್ಕೆ ಏನು ಉಳಿದೀತು ಎಂಬುದು ಅವರ ವಾದ. 1943ರಲ್ಲಿ ಸರಕಾರ ಮಲಬಾರ್ ಮತ್ತು ದಕ್ಷಿಣ ಕನ್ನಡ ತೀರಗಳಿಗೆ ನಿರ್ಬಂಧ ಹೇರಿತು. ‘ಮತ್ತಿಕೊಲ್ಲಿ’ ಮೊದಲಾದ ಕೆಲವು ಬಲೆಗಳಿಗೆ ತಡೆ ಬಂತು. ಹೆಸರೇ ಸಾಕು, ಆ ಬಲೆಯ ಕೆಲಸವೇನೆಂದು ತಿಳಿಯಲು. ಹದಿನೈದು ಸೆಂಟಿಮೀಟರಿಗಿಂತ, ಅಂದರೆ ಸುಮಾರು ಆರು ಅಂಗುಲಕ್ಕಿಂತ ಸಣ್ಣ ಮೀನನ್ನು ದೋಣಿಯೊಂದಕ್ಕೆ ಒಂದು ಮಣಕ್ಕಿಂತ ಹೆಚ್ಚು ತರಕೂಡದೆಂದಾಯಿತು.

ಕಡತಗಳ ನಡುವೆಯೇ ಜೀವ ಸವೆಸುವ ನಮಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ: ಅಳೆಯುವವನು ಯಾರು? ಬಲೆಯಲ್ಲಿ ಲಕ್ಷಗಟ್ಟಲೆ ಮೀನು ಬಿದ್ದಿದೆ, ಸಂಜೆ ಇಳಿಯುತ್ತಿದೆ, ಹೆಂಗಸರು ಬುಟ್ಟಿ ಹಿಡಿದು ಕಾದಿದ್ದಾರೆ. ಆಗ ಆರು ಅಂಗುಲದ ಕೋಲು ಹಿಡಿದು ಮರಳ ಮೇಲೆ ನಿಲ್ಲುವ ನೌಕರ ಎಷ್ಟು ಮೈಲಿ ತೀರವನ್ನು ಕಾದಾನು? ಹಿಡಿದ ಮರಿಯನ್ನು ನೀರಿಗೆ ಬಿಟ್ಟರೂ ಅದು ಬದುಕುವುದಿಲ್ಲ. ಮೇಲಾಗಿ ಅದು ಯುದ್ಧದ ಕಾಲ, ಅಕ್ಕಿಗೆ ಪಡಿಚೀಟಿ. ಮೀನೇ ಸಿಗದ ವರ್ಷದಲ್ಲಿ ಸಿಕ್ಕ ನಾಲ್ಕನ್ನೂ ಬಿಡು ಎಂದರೆ ಮೊಗವೀರನ ಮನೆಯ ಒಲೆ ಹೇಗೆ ಉರಿದೀತು? ದಕ್ಷಿಣಕ್ಕೆ ಕೊಚ್ಚಿ, ತಿರುವಾಂಕೂರು ಸಂಸ್ಥಾನಗಳು, ಉತ್ತರಕ್ಕೆ ಮುಂಬಯಿ ಪ್ರಾಂತ. ಮದರಾಸಿನ ಆಜ್ಞೆ ಅಲ್ಲಿ ನಡೆಯದು. ಮೀನಿಗೋ ಪ್ರಾಂತದ ಗಡಿ ಗೊತ್ತಿಲ್ಲ. 1947ರಲ್ಲಿ ಈ ನಿರ್ಬಂಧವನ್ನು ಹಿಂತೆಗೆದುಕೊಂಡರು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ.

ಕತೆ ಇಲ್ಲಿಗೆ ಮುಗಿದಿದ್ದರೆ ‘ಕಟ್ಟಳೆ ಸೋತಿತು’ ಎಂದು ಬರೆದು ಕೈತೊಳೆಯಬಹುದಿತ್ತು. ಆದರೆ ನಿರ್ಬಂಧ ಹೋದ ಮೇಲೆ ಬೂತಾಯಿ ತಾನಾಗಿಯೇ ಮರಳಿತು! 1956ರಲ್ಲಿ ಇಡೀ ದೇಶಕ್ಕೆ ಎಂಟು ಸಾವಿರ ಟನ್ನೂ ಸಿಗದಿದ್ದದ್ದು 1968ರಲ್ಲಿ ಸುಮಾರು ಮೂರು ಲಕ್ಷ ಟನ್ನಿಗೆ ಏರಿತು. ಈ ಮೀನು ಮೊಟ್ಟೆಯಿಡುವುದು ಮಳೆಗಾಲದಲ್ಲಿ. ಅದರ ಆಹಾರವಾದ ಸೂಕ್ಷ್ಮ ಪಾಚಿ ಬೆಳೆಯುವುದೂ ಮಳೆಗಾಲದ ಕಡಲಿನ ಹದವನ್ನು ಅವಲಂಬಿಸಿ. ಮಳೆ ಏರುಪೇರಾದರೆ ಬಲೆ ಹಾಕದಿದ್ದರೂ ಮೀನು ಕಡಿಮೆಯಾಗಬಹುದು ಎಂದು ಮುಂದಿನ ಸಂಶೋಧಕರು ತೋರಿಸಿದರು. ಹಾಗಾದರೆ ದೇವನೇಶನ್ ತಪ್ಪಿದರೆ? ಪೂರ್ತಿ ತಪ್ಪಿದರೆಂದು ನಮಗೆ ಅನಿಸುವುದಿಲ್ಲ. ಅಂದಿನ ದೋಣಿ ಹುಟ್ಟಿನದು, ಹಾಯಿಯದು. ಕಡಲನ್ನು ಬರಿದು ಮಾಡುವ ಶಕ್ತಿ ಅದಕ್ಕಿರಲಿಲ್ಲ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬಲೆ ಬಂದು ರಂಪಣಿ ಮೂಲೆಗೆ ಬಿದ್ದ ಮೇಲೆ ಲೆಕ್ಕವೇ ಬದಲಾಯಿತು.

ಕೇರಳ 1980ರಲ್ಲಿ, ಮಹಾರಾಷ್ಟ್ರ 1981ರಲ್ಲಿ, ಕರ್ನಾಟಕ 1986ರಲ್ಲಿ ಕಡಲ ಮೀನುಗಾರಿಕೆಯ ನಿಯಂತ್ರಣ ಕಾಯಿದೆಗಳನ್ನು ಮಾಡಿದವು. ಮಳೆಗಾಲದ ರಜೆ ಪಶ್ಚಿಮ ಕರಾವಳಿಗೆಲ್ಲ ಜೂನ್ 1ರಿಂದ 61 ದಿನವೆಂದು 2015ರಲ್ಲಿ ನಿಗದಿಯಾಯಿತು. ಅದೇ ವರ್ಷ ಕೇರಳ ಹಳೆಯ ಅಳತೆಕೋಲನ್ನು ಮತ್ತೆ ಹೊರತೆಗೆದು, ಬೂತಾಯಿ ಹತ್ತು ಸೆಂಟಿಮೀಟರಿಗಿಂತ ಚಿಕ್ಕದಾದರೆ ಹಿಡಿಯುವಂತಿಲ್ಲವೆಂದಿತು. ಕರ್ನಾಟಕವೂ ಬಳಿಕ ಕನಿಷ್ಠ ಅಳತೆಗಳನ್ನು ಗೊತ್ತುಮಾಡಿತು. 1943ರ ಹದಿನೈದು ಈಗ ಹತ್ತಾಗಿದೆ. ಆದರೂ 2012ರಲ್ಲಿ ಕೇರಳದಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಸಿಕ್ಕಿದ್ದ ಮೀನು 2021ರಲ್ಲಿ ನಾಲ್ಕು ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಕಡಲು ಬಿಸಿಯಾದದ್ದೂ ಕಾರಣ, ಮರಿಗಳು ಮೀನಹುಡಿ ಕಾರ್ಖಾನೆಗೆ ಹೋದದ್ದೂ ಕಾರಣ ಎನ್ನುತ್ತಾರೆ. ಹಳೆಯ ಜಗಳವೇ ಮತ್ತೆ ಎದ್ದಿದೆ.

ಕಳೆದ ಭಾನುವಾರ ಮನೆಗೆ ತಂದ ತಾರ್ಲಿಯನ್ನು ಮಗಳ ಕಂಪಾಸು ಪೆಟ್ಟಿಗೆಯ ಸ್ಕೇಲಿನಿಂದ ಅಳೆದು ನೋಡಿದೆವು. ಹದಿಮೂರು ಸೆಂಟಿಮೀಟರ್. ಇಂದಿನ ಕಾಯಿದೆಗೆ ಸರಿ, 1943ರ ಕಾಯಿದೆಗೆ ತಪ್ಪು. ಸ್ಕೇಲಿಗೆ ಮೀನಿನ ವಾಸನೆ ಹತ್ತಿದೆಯೆಂದು ಮಗಳು ಇನ್ನೂ ಮುನಿಸಿಕೊಂಡಿದ್ದಾಳೆ.