ದೂರದ ದುಃಖ, ನೆರೆಯ ಧರ್ಮ

ಉತ್ತರ ಕನ್ನಡದ ಕರಾವಳಿಯ ಮೂರು ಪಟ್ಟಣಗಳಾದ ಭಟ್ಕಳ, ಹೊನ್ನಾವರ, ಕುಮಟಾಗಳು ಜೈನ ಇತಿಹಾಸವನ್ನು ಬಲ್ಲವರಿಗೆ ಅಪರಿಚಿತವಲ್ಲ. ಭಟ್ಕಳದಲ್ಲಿ ಚಂದ್ರನಾಥ ಬಸದಿಯಿದೆ. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ, ಶರಾವತಿಯ ದಡದ ಕಾಡಿನ ನಡುವೆ, ಚತುರ್ಮುಖ ಬಸದಿಯಿದೆ. ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಯೊಡನೆ ರಾಣಿ ಚೆನ್ನಭೈರಾದೇವಿಯ ಹೆಸರು ಬೆಸೆದುಕೊಂಡಿದೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಈ ತೀರವನ್ನಾಳಿದ ಆ ಜೈನ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು.

ಈ ಬಂದರುಗಳ ಬಾಳು ಕಡಲಾಚೆಯ ನಾಡುಗಳನ್ನು ಅವಲಂಬಿಸಿತ್ತು. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು. ಘಟ್ಟದ ಮೆಣಸು ಅಲ್ಲಿಂದಲೇ ಹಡಗು ಏರುತ್ತಿತ್ತು. ಜಿನಭಕ್ತರಾದ ಹಾಡುವಳ್ಳಿಯ ಅರಸರ ಆಳ್ವಿಕೆಯಲ್ಲಿ ಮುಸ್ಲಿಂ ವರ್ತಕರು ನಿರ್ಭಯರಾಗಿ ವ್ಯವಹರಿಸಿದರು. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತ, ಅಲ್ಲಿ ಹೆಣ್ಣುಮಕ್ಕಳಿಗಾಗಿ 13 ಮತ್ತು ಗಂಡುಮಕ್ಕಳಿಗಾಗಿ 23 ಶಾಲೆಗಳಿದ್ದುದನ್ನು ದಾಖಲಿಸಿದ್ದಾನೆ. ಅದೇ ಪ್ರವಾಸಿ 1326ರಲ್ಲಿ ಗಾಜಾ ಮತ್ತು ಜೆರುಸಲೇಮ್ ನಗರಗಳನ್ನು ಕಂಡು ಬಂದವನು. ಹೊನ್ನಾವರ ಮತ್ತು ಗಾಜಾ ಒಬ್ಬನೇ ಮನುಷ್ಯನ ಕಣ್ಣಿಗೆ ಬಿದ್ದ ಊರುಗಳು. ಎರಡೂ ಆ ಒಂದೇ ಗ್ರಂಥದಲ್ಲಿ ಸ್ಥಾನ ಪಡೆದಿವೆ.

ಆದುದರಿಂದ ಪಶ್ಚಿಮ ಏಷ್ಯಾದ ಸಂಕಟವು ಈ ತೀರದ ಮನೆಗಳನ್ನು ತಟ್ಟುವುದು ಆಶ್ಚರ್ಯಕರವಲ್ಲ. ಮೊದಲ ಮಹಾಯುದ್ಧದ ಅನಂತರ ಖಿಲಾಫತ್ ಆಂದೋಲನ ನಡೆದಾಗ, ಪ್ಯಾಲೆಸ್ತೀನನ್ನೂ ಒಳಗೊಂಡ ಅರಬ್ ಪುಣ್ಯಭೂಮಿಯ ಪ್ರಶ್ನೆ ಅದರ ಬೇಡಿಕೆಗಳಲ್ಲಿ ಸೇರಿತ್ತು. ಅದರ ಸಂದೇಶವನ್ನು ಹೊತ್ತು ಮಹಾತ್ಮ ಗಾಂಧಿಯವರು ಶೌಕತ್ ಅಲಿಯವರೊಡನೆ 1920ರ ಆಗಸ್ಟ್‌ನಲ್ಲಿ ಮಂಗಳೂರಿಗೆ ಬಂದರು. ಅದೇ ವರ್ಷ ಅಸಹಕಾರದ ಕರೆಗೆ ಓಗೊಟ್ಟು ದೇಶದಾದ್ಯಂತ ವಿದ್ಯಾರ್ಥಿಗಳು ಸರ್ಕಾರಿ ಶಾಲೆಗಳನ್ನು ತೊರೆದರು. ಹತ್ತು ವರ್ಷಗಳ ತರುವಾಯ, 1930ರಲ್ಲಿ, ಕುಮಟೆಗೆ ಸಮೀಪದ ಅಂಕೋಲೆಯು ಉಪ್ಪಿನ ಸತ್ಯಾಗ್ರಹದ ಕೇಂದ್ರವಾಯಿತು. ಶಸ್ತ್ರ ಹಿಡಿಯದೆ ಅನ್ಯಾಯವನ್ನು ಎದುರಿಸುವ ಪಾಠವನ್ನು ಈ ಜಿಲ್ಲೆ ಕಲಿತದ್ದು ಆ ಕಾಲದಲ್ಲಿ.

ಪ್ಯಾಲೆಸ್ತೀನಿನ ವಿಷಯದಲ್ಲಿ ಭಾರತದ ನಿಲುವು ಮತೀಯ ಅಭಿಮಾನದಿಂದ ಹುಟ್ಟಿದ್ದಲ್ಲವೆಂಬುದನ್ನು ಗಮನಿಸಬೇಕು. 1938ರ ನವೆಂಬರ್ 26ರ ‘ಹರಿಜನ’ ಪತ್ರಿಕೆಯಲ್ಲಿ ಗಾಂಧೀಜಿಯವರು, ಯುರೋಪಿನಲ್ಲಿ ಹಿಂಸೆಗೊಳಗಾದ ಯೆಹೂದಿಗಳ ಬಗೆಗೆ ತಮಗಿದ್ದ ಅನುಕಂಪವನ್ನು ಮೊದಲು ಹೇಳಿ, ಆದರೂ ಅರಬರ ಮೇಲೆ ಅವರನ್ನು ಬಲವಂತದಿಂದ ಹೇರುವುದು ನ್ಯಾಯವಲ್ಲವೆಂದು ವಾದಿಸಿದರು. ಜರ್ಮನಿಯ ಯೆಹೂದಿಗಳಿಗೆ ಸತ್ಯಾಗ್ರಹವನ್ನೂ ಅವರು ಸೂಚಿಸಿದರು. ಜರ್ಮನಿಯನ್ನು ತೊರೆದು ಜೆರುಸಲೇಮಿನಲ್ಲಿ ನೆಲೆಸಿದ್ದ ತತ್ತ್ವಜ್ಞ ಮಾರ್ಟಿನ್ ಬೂಬರ್ 1939ರಲ್ಲಿ ಇದಕ್ಕೆ ದೀರ್ಘವಾದ ಉತ್ತರ ಬರೆದು, ನಾತ್ಸಿ ಆಡಳಿತದ ಕ್ರೌರ್ಯವನ್ನು ಗಾಂಧೀಜಿ ಅರಿತಿಲ್ಲವೆಂದು ನೊಂದು ನುಡಿದರು. ದೂರದಲ್ಲಿರುವವನ ಕರುಣೆ ಎಷ್ಟೇ ಶುದ್ಧವಾಗಿದ್ದರೂ, ನೊಂದವನ ನಿಜಸ್ಥಿತಿಯನ್ನು ಅರಿಯದೆ ನೀಡುವ ಉಪದೇಶ ಅವನಿಗೆ ಭಾರವಾಗಬಹುದು. ಇದೇ ಬೂಬರ್, ಅರಬರೂ ಯೆಹೂದಿಗಳೂ ಒಂದೇ ರಾಜ್ಯದಲ್ಲಿ ಸಮಾನರಾಗಿ ಬಾಳಬೇಕೆಂದು ಮುಂದೆಯೂ ಹೋರಾಡಿದರೆಂಬುದನ್ನು ಮರೆಯಲಾಗದು.

1947ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಮಹಾಸಭೆಯು ಪ್ಯಾಲೆಸ್ತೀನಿನ ವಿಭಜನೆಯನ್ನು ಅಂಗೀಕರಿಸಿದಾಗ 33 ರಾಷ್ಟ್ರಗಳು ಪರವಾಗಿಯೂ 13 ರಾಷ್ಟ್ರಗಳು ವಿರುದ್ಧವಾಗಿಯೂ ಮತ ನೀಡಿದವು. ವಿರೋಧಿಸಿದವುಗಳಲ್ಲಿ ಭಾರತವೂ ಒಂದು. ಅದಕ್ಕೆ ಮುನ್ನ ಇರಾನ್ ಮತ್ತು ಯುಗೊಸ್ಲಾವಿಯಾಗಳೊಡನೆ ಸೇರಿ ಭಾರತವು ಒಕ್ಕೂಟ ರಾಜ್ಯದ ಸಲಹೆಯನ್ನು ಮುಂದಿಟ್ಟಿತ್ತು. ತನ್ನ ನೆಲವೇ ಇಬ್ಭಾಗವಾಗಿ ನಿರಾಶ್ರಿತರ ಸಾಲು ಹರಿಯುತ್ತಿದ್ದ ತಿಂಗಳುಗಳಲ್ಲಿ ದೇಶವೊಂದು ಇನ್ನೊಬ್ಬರ ವಿಭಜನೆಯ ವಿರುದ್ಧ ಮಾತಾಡಿದುದು ಅರ್ಥಪೂರ್ಣವಾಗಿದೆ. ಭಾರತವು 1950ರಲ್ಲಿ ಇಸ್ರೇಲಿಗೆ ಮಾನ್ಯತೆ ನೀಡಿತು. 1988ರಲ್ಲಿ ಪ್ಯಾಲೆಸ್ತೀನ್ ರಾಷ್ಟ್ರವನ್ನು ಮಾನ್ಯ ಮಾಡಿತು. 1992ರಲ್ಲಿ ಇಸ್ರೇಲಿನೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. ವಿಭಜನೆಯ ನಿರ್ಣಯದ ದಿನವಾದ ನವೆಂಬರ್ 29ನ್ನು 1977ರಲ್ಲಿ ವಿಶ್ವಸಂಸ್ಥೆಯೇ ಪ್ಯಾಲೆಸ್ತೀನಿ ಜನರೊಡನೆ ಸಹಾನುಭೂತಿಯ ದಿನವೆಂದು ಘೋಷಿಸಿತು.

ಈ ಕಥೆಯಲ್ಲಿ ವಿದ್ಯಾರ್ಥಿಗಳ ಪಾತ್ರ ದೊಡ್ಡದು. ಪ್ಯಾಲೆಸ್ತೀನಿ ವಿದ್ಯಾರ್ಥಿಗಳ ಒಕ್ಕೂಟ 1959ರಲ್ಲಿ ಕೈರೋದಲ್ಲಿ ಸ್ಥಾಪನೆಯಾಯಿತು. ಪಶ್ಚಿಮ ದಂಡೆಯ ಬೀರ್‌ಜೈತ್ ವಿಶ್ವವಿದ್ಯಾಲಯವನ್ನು ಇಸ್ರೇಲಿ ಸೇನೆ 1988ರಿಂದ 1992ರವರೆಗೆ ಮುಚ್ಚಿಸಿದಾಗ ಅಧ್ಯಾಪಕರು ಮನೆಗಳಲ್ಲಿ ಪಾಠ ಹೇಳಿದರು. 2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಇತರ ಗುಂಪುಗಳ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನರು ಹತರಾದರು. ಸುಮಾರು 250 ಜನರು ಒತ್ತೆಯಾಳುಗಳಾದರು. ತರುವಾಯ ಗಾಜಾದ ಮೇಲೆ ನಡೆದ ಯುದ್ಧದಲ್ಲಿ, ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಂತೆ, 2025ರ ಅಕ್ಟೋಬರ್‌ನ ಕದನವಿರಾಮದ ಹೊತ್ತಿಗೆ 67,000ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡಿದ್ದರು. ಅವರಲ್ಲಿ ಸಾವಿರಾರು ಮಕ್ಕಳಿದ್ದರು. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಂಗಳದಲ್ಲಿ ಡೇರೆ ಹಾಕಿ ಕುಳಿತರು. ಆಂದೋಲನ ಹಲವು ದೇಶಗಳಿಗೆ ಹಬ್ಬಿತು. ಆ ಡೇರೆಗಳಲ್ಲಿ ಯೆಹೂದಿ ವಿದ್ಯಾರ್ಥಿಗಳೂ ಇದ್ದರು. ಕೆಲವು ಘೋಷಣೆಗಳಿಂದ ಭಯಗೊಂಡ ಯೆಹೂದಿ ವಿದ್ಯಾರ್ಥಿಗಳೂ ಇದ್ದರು.

ಕರ್ನಾಟಕದಲ್ಲಿಯೂ ಇದರ ಅನುರಣನ ಕೇಳಿಸಿತು. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಗಾಜಾಕ್ಕಾಗಿ ನಿಂತವರ ಮೇಲೆ ಪ್ರಕರಣ ದಾಖಲಾಯಿತು. ರಾಜಧಾನಿಯಲ್ಲಿ ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿದ ನಿಯಮವಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಚಿಕ್ಕಮಗಳೂರಿನಲ್ಲಿ ಪ್ಯಾಲೆಸ್ತೀನ್ ಧ್ವಜ ಹಿಡಿದು ಬೈಕಿನಲ್ಲಿ ಸಾಗಿದ ಬಾಲಕರನ್ನು ಪೊಲೀಸರು ವಶಕ್ಕೆ ಪಡೆದರು. ಭಾರತವೇ ಮಾನ್ಯ ಮಾಡಿದ ರಾಷ್ಟ್ರವೊಂದರ ಧ್ವಜ ಬೀದಿಯಲ್ಲಿ ಕಲಹದ ಕಾರಣವಾಗಿ ಕಂಡದ್ದು ಏಕೆ? ಉತ್ತರ ಪ್ಯಾಲೆಸ್ತೀನಿನಲ್ಲಿಲ್ಲ, ನೆರೆಹೊರೆಯಲ್ಲಿದೆ.

ಈ ಮಾತು ಕರಾವಳಿಯ ಮೂರು ಪಟ್ಟಣಗಳಿಗೆ ಹೆಚ್ಚು ಅನ್ವಯಿಸುತ್ತದೆ. 1993ರಲ್ಲಿ ಭಟ್ಕಳವು ತಿಂಗಳುಗಟ್ಟಲೆ ಕೋಮುಗಲಭೆಯಲ್ಲಿ ಬೆಂದಿತು. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಯುವಕನೊಬ್ಬನ ಶವ ಕೆರೆಯಲ್ಲಿ ದೊರೆತಾಗ, ತನಿಖೆಗೆ ಮೊದಲೇ ವದಂತಿ ಹಬ್ಬಿ ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಕಲ್ಲು ತೂರಾಟ ನಡೆಯಿತು, ವಾಹನಗಳು ಸುಟ್ಟವು. ಅದು ಆಕಸ್ಮಿಕ ಸಾವೆಂದು ಸಿ.ಬಿ.ಐ. ವರದಿ ಸಲ್ಲಿಸಿದ್ದು 2022ರಲ್ಲಿ. ಸತ್ಯ ಬರಲು ಐದು ವರ್ಷ ಬೇಕಾಯಿತು. ಸುಳ್ಳಿಗೆ ಐದು ದಿನವೂ ಬೇಕಾಗಲಿಲ್ಲ. ಇಂತಹ ನೆಲದಲ್ಲಿ ಒಂದು ಸಮುದಾಯ ದೂರದ ಮಕ್ಕಳಿಗಾಗಿ ಅತ್ತರೆ ಇನ್ನೊಂದು ಅದನ್ನು ತನಗೊಡ್ಡಿದ ಸವಾಲೆಂದು ಭಾವಿಸುತ್ತದೆ. ಅಳುವವರೂ ನೆರೆಯವರ ದುಃಖಕ್ಕೆ ಅಳಲಿಲ್ಲವೆಂಬ ಆಕ್ಷೇಪ ಎದುರಾಗುತ್ತದೆ. ಎರಡು ಕಡೆಯೂ ಶೋಕವು ಪಕ್ಷವಾಗುತ್ತದೆ.

ಜೈನಾಚಾರ್ಯರು ಹೇಳಿದ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳು ಇಲ್ಲಿ ದಾರಿ ತೋರಬಲ್ಲವು. ಮೈತ್ರಿ ಸಕಲ ಜೀವಿಗಳಿಗೆ ಸಲ್ಲತಕ್ಕದ್ದು, ಕಾರುಣ್ಯ ನೊಂದವರಿಗೆ. ನೊಂದವನ ಕುಲವನ್ನಾಗಲಿ ಮತವನ್ನಾಗಲಿ ಕಾರುಣ್ಯವು ಕೇಳುವುದಿಲ್ಲ. ಗಾಜಾದ ತಾಯಿಯ ಕಣ್ಣೀರೂ ಒತ್ತೆಯಾಳಿನ ಮನೆಯವರ ಕಣ್ಣೀರೂ ಅದರ ಮುಂದೆ ಒಂದೇ. ಮಾಧ್ಯಸ್ಥ್ಯವನ್ನು ಉದಾಸೀನತೆಯೆಂದು ತಿಳಿಯುವುದು ತಪ್ಪು. ವಿಪರೀತ ಬುದ್ಧಿಯವನ ಮೇಲೂ ದ್ವೇಷ ತಾಳದಿರುವುದೇ ಅದರ ಅರ್ಥ. ಕೊಲೆಯನ್ನು ಕೊಲೆಯೆನ್ನಲು ಅದು ಅಡ್ಡಿಯಲ್ಲ. ಬಾಂಬಿನಿಂದ ಸತ್ತ ಮಗುವಿನ ಎದುರು ಮೌನವಾಗಿ ಕುಳಿತು ಅದನ್ನೇ ಮಾಧ್ಯಸ್ಥ್ಯವೆನ್ನುವುದು ಆತ್ಮವಂಚನೆ.

ಶಸ್ತ್ರರಹಿತವಾಗಿ ಶಾಂತಿಯಿಂದ ಸೇರುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ನೀಡಿದೆ. ಆ ಹಕ್ಕನ್ನು ಬಳಸುವ ತರುಣರಿಗೆ ಹಿರಿಯರು ಹೇಳಬೇಕಾದುದು ಇಷ್ಟು: ದುಃಖ ಹೇಳುವಾಗ ಯಾವ ಜನಾಂಗವನ್ನೂ ನಿಂದಿಸಬಾರದು, ಕೇಳಿದ ಸುದ್ದಿಯನ್ನು ಪರೀಕ್ಷಿಸದೆ ಹರಡಬಾರದು, ದೂರದವರಿಗಾಗಿ ಎತ್ತಿದ ದನಿಯನ್ನು ಪಕ್ಕದ ಬೀದಿಯ ನೊಂದವನಿಗಾಗಿಯೂ ಎತ್ತಬೇಕು. ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಆಹಾರ, ಔಷಧ, ಅಭಯ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳಲ್ಲಿ ಅಭಯದಾನವೂ ಸೇರಿದೆ. ಭಯಗೊಂಡ ನೆರೆಯವರಿಗೆ ತಮ್ಮ ಸಭಾಭವನದ ಬಾಗಿಲು ತೆರೆಯುವುದು, ಎಲ್ಲ ಮತದ ಮಕ್ಕಳು ಒಟ್ಟಿಗೆ ಕುಳಿತು ಮಾತಾಡಲು ಜಾಗ ಕೊಡುವುದು ಆ ದಾನದ ಇಂದಿನ ರೂಪ.

ಗೇರುಸೊಪ್ಪೆಯ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲುಗಳಿವೆ. ಅದನ್ನು ಕಟ್ಟಿದ ಕಾಲದಲ್ಲಿ ಈ ತೀರದ ಜನ ಅರಬ್ಬೀ ನಾಡಿನಿಂದ ಬಂದವನನ್ನು ಅನ್ಯನೆಂದು ದೂರವಿಡಲಿಲ್ಲ. ಅವರ ವಾರಸುದಾರರು ದೂರದ ನೋವಿಗೆ ಮಿಡಿಯುವುದನ್ನೂ ನೆರೆಯವನೊಡನೆ ಬಾಳುವುದನ್ನೂ ಏಕಕಾಲದಲ್ಲಿ ಸಾಧಿಸಬೇಕಾಗಿದೆ. ಒಂದನ್ನು ಬಿಟ್ಟರೆ ಇನ್ನೊಂದೂ ಉಳಿಯದು.