ಗ್ರೆನ್‌ಫೆಲ್, ಬರ್ನಾರ್ಡ್ ಪೈನ್

ಗ್ರೆನ್‌ಫೆಲ್, ಬರ್ನಾರ್ಡ್ ಪೈನ್ (1869–1926): ಇಂಗ್ಲೆಂಡಿನ ಪ್ಯಾಪಿರಸ್ ತಜ್ಞ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳೂರಿನ ತಿಪ್ಪೆಗುಡ್ಡಗಳನ್ನು ಗೆಳೆಯ ಆರ್ಥರ್ ಸರಿಡ್ಜ್ ಹಂಟನ (1871–1934) ಜೊತೆಗೂಡಿ ಅಗೆಸಿ, ಗ್ರೀಕ್ ಬರೆಹದ ಲಕ್ಷಗಟ್ಟಲೆ ತುಣುಕುಗಳನ್ನು ಬೆಳಕಿಗೆ ತಂದವ. ಕಳೆದುಹೋಗಿದ್ದ ಕಾವ್ಯ ನಾಟಕಗಳು ಸಿಕ್ಕಿದ್ದರಿಂದ ಈತನ ಹೆಸರು ಹಬ್ಬಿತು. ಆದರೆ ಈತನ ನಿಜವಾದ ಹಿರಿಮೆ ಬೇರೆ ಕಡೆ ಇದೆ. ಮಹಾಕವಿಯ ಪದ್ಯಕ್ಕೆ ಕೊಟ್ಟಷ್ಟೇ ಎಚ್ಚರವನ್ನು ತೆರಿಗೆ ರಸೀದಿಗೂ ಸಾಮಾನ್ಯ ಮನೆಯ ಪತ್ರಕ್ಕೂ ಕೊಟ್ಟು, ಅರ್ಥವಾದದ್ದನ್ನೂ ಆಗದ್ದನ್ನೂ ತಡಮಾಡದೆ ಅಚ್ಚು ಹಾಕಿಸಿದ.

ಹುಟ್ಟಿದ್ದು 1869ರ ಡಿಸೆಂಬರ್ 16ರಂದು, ಬರ್ಮಿಂಗ್‌ಹ್ಯಾಮಿನಲ್ಲಿ. ತಂದೆ ಬ್ರಿಸ್ಟಲ್‌ನ ಕ್ಲಿಫ್ಟನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಮಗ ಓದಿದ್ದೂ ಅಲ್ಲೇ. 1888ರಲ್ಲಿ ಆಕ್ಸ್‌ಫರ್ಡ್‌ನ ಕ್ವೀನ್ಸ್ ಕಾಲೇಜು ಸೇರಿದ. ಹಂಟನ ಪರಿಚಯವಾದದ್ದು ಅಲ್ಲಿ. ಪ್ರವಾಸ ವೇತನವೊಂದು ದೊರೆತು, 1893–94ರ ಚಳಿಗಾಲದಲ್ಲಿ ಈಜಿಪ್ಟಿನ ಕೊಪ್ಟೋಸ್‌ನಲ್ಲಿ ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿಯ ಕೈಕೆಳಗೆ ಉತ್ಖನನ ಕಲಿತ. ಆ ಕಾಲದಲ್ಲಿ ಪೆಟ್ರಿ ಕೊಂಡಿದ್ದ ಒಂದು ಸುರುಳಿಯೇ ಗ್ರೆನ್‌ಫೆಲ್‌ನ ಮೊದಲ ದೊಡ್ಡ ಕೆಲಸವಾಯಿತು. ಎರಡನೆಯ ಟಾಲೆಮಿ ದೊರೆಯ ಕಂದಾಯ ಕಾನೂನುಗಳನ್ನು ಒಳಗೊಂಡ ಆ ಪಠ್ಯವನ್ನು 1896ರಲ್ಲಿ ಸಂಪಾದಿಸಿ ಹೊರತಂದಾಗ ಆತನಿಗೆ ಇನ್ನೂ 27 ತುಂಬಿರಲಿಲ್ಲ.

ಪ್ಯಾಪಿರಸ್ ಎಂಬುದು ನೈಲ್ ನದಿಯ ಜೌಗಿನಲ್ಲಿ ಬೆಳೆಯುವ ಜೊಂಡಿನ ಜಾತಿಯ ಗಿಡ. ಅದರ ದಂಟಿನ ತಿರುಳನ್ನು ತೆಳ್ಳಗೆ ಸೀಳಿ, ಉದ್ದಕ್ಕೊಂದು ಅಡ್ಡಕ್ಕೊಂದು ಪದರ ಹಾಸಿ, ಒತ್ತಿ ಒಣಗಿಸಿದರೆ ಹಾಳೆಯಾಗುತ್ತದೆ. ತೇವ ತಗುಲಿದರೆ ಕೊಳೆಯುತ್ತದೆ; ಒಣಗಿದ್ದರೆ ಸಾವಿರಾರು ವರ್ಷ ಬಾಳುತ್ತದೆ. ಅಥೆನ್ಸ್‌ನಲ್ಲಿ ಬರೆದದ್ದು ಅಥೆನ್ಸ್‌ನಲ್ಲಿ ಉಳಿಯದೆ ಮಳೆ ಕಾಣದ ಈಜಿಪ್ಟಿನ ಮರಳಿನಲ್ಲಿ ಉಳಿದದ್ದಕ್ಕೆ ಇದೇ ಕಾರಣ. ಮಸಿ ಇಂಗಾಲದ ಪುಡಿಯದಾದ್ದರಿಂದ ಅಕ್ಷರ ಇಂದಿಗೂ ಕಪ್ಪಾಗಿದೆ.

1895–96ರಲ್ಲಿ ಪುರಾತತ್ತ್ವಜ್ಞ ಹೊಗಾರ್ತ್ ಮತ್ತು ಹಂಟ್ ಇಬ್ಬರೊಂದಿಗೆ ಫಯೂಮ್ ಪ್ರಾಂತದಲ್ಲಿ ಅಗೆದ ಮೇಲೆ, ಮುಂದಿನ ಚಳಿಗಾಲಕ್ಕೆ ಗ್ರೆನ್‌ಫೆಲ್ ಆರಿಸಿಕೊಂಡದ್ದು ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿ.ಮೀ. ದೂರದ ಬೆಹ್ನೆಸಾ ಹಳ್ಳಿಯನ್ನು. ಗ್ರೀಕ್ ಮತ್ತು ರೋಮನ್ ಆಳ್ವಿಕೆಯಲ್ಲಿ ಅದು ಆಕ್ಸಿರಿಂಕಸ್ ಎಂಬ ಜಿಲ್ಲಾ ಕೇಂದ್ರ. ಕ್ರೈಸ್ತ ಧರ್ಮ ಅಲ್ಲಿ ಬೇಗ ನೆಲೆಯೂರಿತ್ತಾದ್ದರಿಂದ ಹಳೆಯ ಧರ್ಮಗ್ರಂಥಗಳು ಸಿಕ್ಕಾವೆಂಬ ಆಸೆ. ಮೊದಲ ಮೂರು ವಾರ ಸ್ಮಶಾನ ಅಗೆದರೂ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. 1897ರ ಜನವರಿ 11ರಂದು ಆಳುಗಳನ್ನು ಊರಾಚೆಯ ತಿಪ್ಪೆಗುಡ್ಡಗಳತ್ತ ತಿರುಗಿಸಿದ. ಊರಿನವರು ನೂರಾರು ವರ್ಷ ಕಸ ಸುರಿದು ಎದ್ದ ಗುಡ್ಡಗಳವು. ಸಮಾಧಿ, ದೇವಾಲಯಗಳನ್ನು ಹುಡುಕುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಕಸದ ರಾಶಿಯ ಮೇಲೆ ಆ ಚಳಿಗಾಲವನ್ನೇ ಪಣಕ್ಕಿಟ್ಟ ನಿರ್ಧಾರವಿದು.

ಎರಡನೆಯ ದಿನ ಬಂದ ತುಣುಕುಗಳನ್ನು ವಿಂಗಡಿಸುತ್ತಿದ್ದ ಹಂಟನ ಕಣ್ಣಿಗೆ ಮುದುಡಿದ ಎಲೆಯೊಂದರಲ್ಲಿ ‘ಕಾರ್ಫೋಸ್’, ಅಂದರೆ ಕಸದ ಕಡ್ಡಿ, ಎಂಬ ಅಪರೂಪದ ಗ್ರೀಕ್ ಮಾತು ಬಿತ್ತು. ನೆರೆಯವನ ಕಣ್ಣಿನ ಕಡ್ಡಿಯ ಬಗ್ಗೆ ಯೇಸು ಹೇಳಿದ ಮಾತು ನೆನಪಾಗಿ ಮುಂದಕ್ಕೆ ಓದಿದರೆ, ಅದು ಯೇಸುವಿನ ವಚನಗಳ ಸಂಗ್ರಹದ ಹಾಳೆ. ಕೆಲವು ವಚನಗಳು ಬೈಬಲಿನಲ್ಲಿ ಇಲ್ಲದಂಥವು. ಅದೇ ವರ್ಷ ಪುಟ್ಟ ಪುಸ್ತಕವಾಗಿ ಬಂದಾಗ ಇಂಗ್ಲೆಂಡಿನಲ್ಲಿ ಭಾರಿ ಸುದ್ದಿಯಾಯಿತು. ಆ ಹಾಳೆ ತೋಮನ ಸುವಾರ್ತೆಯ ಭಾಗವೆಂದು ತಿಳಿದದ್ದು 1945ರಲ್ಲಿ ನಾಗ್ ಹಮಾದಿಯಲ್ಲಿ ಆ ಗ್ರಂಥದ ಕಾಪ್ಟಿಕ್ ಅನುವಾದ ಸಿಕ್ಕಿದ ಮೇಲೆ.

ಆಳುಗಳ ಸಂಖ್ಯೆಯನ್ನು ಗ್ರೆನ್‌ಫೆಲ್ 110ರವರೆಗೆ ಏರಿಸಿದ. ಗಂಡಸರು ಗುದ್ದಲಿ ಹಿಡಿದರೆ ಹುಡುಗರು ಬುಟ್ಟಿ ಹೊರುತ್ತಿದ್ದರು. ಕಡ್ಡಿ, ಹೊಟ್ಟು ಬೆರೆತ ಸಡಿಲ ಪದರಕ್ಕೆ ಅವರು ‘ಅಫ್ಶ್’ ಎನ್ನುತ್ತಿದ್ದರು. ಅದು ಕಂಡಿತೆಂದರೆ ಕಾಗದ ಹತ್ತಿರವಿದೆ ಎಂದೇ ಲೆಕ್ಕ. ಆ ಪದರ ಗುರುತಿಸಿದ್ದು ಆ ಹಳ್ಳಿಗರ ಕೈಗಳು ಎಂಬುದನ್ನು ಮರೆಯಬಾರದು. ಸಿಕ್ಕ ಕಾಗದ ವ್ಯಾಪಾರಿಗಳ ಪಾಲಾಗದಿರಲೆಂದು ಕೂಲಿಯ ಮೇಲೆ ಬಕ್ಷೀಸು ಕೊಡುವ ಪದ್ಧತಿ ಇತ್ತು. ಮಾರ್ಚ್ ನಡುವಿನಲ್ಲಿ ಹಳೆಯ ದಫ್ತರವೊಂದನ್ನು ಒಟ್ಟಾಗಿ ಎಸೆದಿದ್ದ ಜಾಗ ಸಿಕ್ಕಿ, ಒಂದೇ ದಿನ 36 ಬುಟ್ಟಿ, ಮರುದಿನ 25 ಬುಟ್ಟಿ ಸುರುಳಿಗಳು ಬಂದವು. ಇದೆಲ್ಲ ಒಂದು ಬಗೆಯ ಓಟದ ಸ್ಪರ್ಧೆಯೇ ಆಗಿತ್ತು: ರೈತರು ಹಳೆಯ ಗುಡ್ಡಗಳ ಮಣ್ಣನ್ನು ಹೊಲಕ್ಕೆ ಗೊಬ್ಬರವಾಗಿ ಅಗೆದೊಯ್ಯುತ್ತಿದ್ದರು. ಅದರ ಜೊತೆಗೆ ಎಷ್ಟೋ ಬರೆಹ ಹೊಲ ಸೇರಿ ಹೋಗಿದೆ.

ಈ ಫಲ ಕಂಡು ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಫಂಡ್ ಸಂಸ್ಥೆ 1897ರಲ್ಲಿ ಗ್ರೀಕ್-ರೋಮನ್ ಶಾಖೆಯನ್ನೇ ತೆರೆಯಿತು. 1899–1900ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪರವಾಗಿ, ಫೀಬಿ ಹರ್ಸ್ಟ್ ಕೊಟ್ಟ ಹಣದಲ್ಲಿ, ಗೆಳೆಯರಿಬ್ಬರೂ ಈಜಿಪ್ಟಿನ ಟೆಬ್ಟುನಿಸ್‌ನಲ್ಲಿ ಅಗೆದರು. ಮನುಷ್ಯರ ಸಮಾಧಿಗಾಗಿ ತೋಡಿದಲ್ಲೆಲ್ಲ ಮೊಸಳೆಗಳ ಮಮ್ಮಿಗಳೇ ಏಳತೊಡಗಿದವು. ಬೇಸತ್ತ ಆಳೊಬ್ಬ ಒಂದು ಮೊಸಳೆಯನ್ನು ಒಡೆದುಹಾಕಿದ. ಅದರ ಮೈಗೆ ಸುತ್ತಿದ್ದದ್ದು ಬರೆದ ಪ್ಯಾಪಿರಸ್! ಕೆರ್ಕಿಯೋಸಿರಿಸ್ ಎಂಬ ಹಳ್ಳಿಯ ಶಾನುಭೋಗ ಮೆಂಕಿಸ್‌ನ ಜಮೀನು ಲೆಕ್ಕಗಳು ನಮಗೆ ಸಿಕ್ಕಿದ್ದು ಹೀಗೆ. ಕ್ರಿ.ಪೂ. ಎರಡನೆಯ ಶತಮಾನದ ಒಂದು ಹಳ್ಳಿಯಲ್ಲಿ ಯಾವ ಹೊಲದಲ್ಲಿ ಏನು ಬಿತ್ತಿದ್ದರು, ಗುತ್ತಿಗೆ ಎಷ್ಟು ಎಂಬುದು ಈಗ ಗೊತ್ತಿದೆ.

ಈಜಿಪ್ಟಿನ ಹಿಬೆ ಎಂಬಲ್ಲಿ ಕೆಲಸ ಮುಗಿಸಿ 1903ರಿಂದ 1907ರವರೆಗೆ ಮತ್ತೆ ಆಕ್ಸಿರಿಂಕಸ್. ಚಳಿಗಾಲದಲ್ಲಿ ಅಗೆತ, ಬೇಸಿಗೆಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ಓದು. ತುಣುಕುಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿ ಹಡಗಿಗೆ ಹಾಕುತ್ತಿದ್ದರು. ಆಕ್ಸಿರಿಂಕಸ್ ಪಠ್ಯಗಳನ್ನು ಇಬ್ಬರೂ ಸಂಪುಟಗಳ ಮಾಲೆಯಾಗಿ ಹೊರತಂದರು. ಕವಯಿತ್ರಿ ಸಾಫೋಳ ಪದ್ಯವೊಂದು ಮೊದಲ ಸಂಪುಟದಲ್ಲೇ ಬಂದಿತ್ತು. ಪಿಂಡಾರನ ಸ್ತೋತ್ರಗಳು, ಯೂರಿಪಿಡೀಸನ ‘ಹಿಪ್ಸಿಪೈಲಿ’, ಸೊಫೊಕ್ಲೀಸನ ‘ಇಕ್ನೂಟೈ’, ಹೆಸರು ತಿಳಿಯದ ಇತಿಹಾಸಕಾರನೊಬ್ಬನ ಗ್ರೀಸ್ ಚರಿತ್ರೆ, ಇವೆಲ್ಲ ಮುಂದಿನವುಗಳಲ್ಲಿ ಬಂದವು.

ಸಂಪಾದನೆಯಲ್ಲಿ ಇವರ ವೇಗ ಬೆರಗು ಹುಟ್ಟಿಸುತ್ತದೆ. 1898ರಿಂದ 1904ರೊಳಗೆ ನಾಲ್ಕು ಸಂಪುಟ, 839 ಪಠ್ಯ. ಕೈಬರೆಹ ಬಿಡಿಸುವುದು, ಹರಿದ ಜಾಗದಲ್ಲಿ ಏನಿದ್ದಿರಬಹುದೆಂದು ಊಹಿಸುವುದು, ಊಹಿಸಿದ್ದನ್ನು ಕಂಸದೊಳಗಿಟ್ಟು ಓದಿದ್ದರಿಂದ ಬೇರೆಯಾಗಿ ತೋರಿಸುವುದು, ಕಾಲ ನಿರ್ಣಯ, ಟಿಪ್ಪಣಿ, ಎಲ್ಲವೂ ಇಬ್ಬರದೇ. 119ನೆಯ ಸಂಖ್ಯೆಯ ಕಾಗದ ತೆಯೋನ್ ಎಂಬ ಹುಡುಗ ಅಪ್ಪನಿಗೆ ಬರೆದದ್ದು. ತನ್ನನ್ನು ಬಿಟ್ಟು ಪೇಟೆಗೆ ಹೋದೆಯಲ್ಲ, ಅಲೆಕ್ಸಾಂಡ್ರಿಯಕ್ಕೆ ಕರೆದೊಯ್ಯದಿದ್ದರೆ ಮಾತು ಬಿಡುತ್ತೇನೆ, ಕಾಗದ ಬರೆಯುವುದಿಲ್ಲ, ಅನ್ನ ನೀರು ಮುಟ್ಟುವುದಿಲ್ಲ ಎಂದು ಹಠ ಹಿಡಿದಿದ್ದಾನೆ. ಗ್ರೀಕ್ ತುಂಬ ಕಾಗುಣಿತದ ತಪ್ಪು. 744ನೆಯದು ಕ್ರಿ.ಪೂ. 1ರದು: ಅಲೆಕ್ಸಾಂಡ್ರಿಯದಲ್ಲಿ ದುಡಿಯುತ್ತಿದ್ದ ಹಿಲರಿಯೋನ್ ಊರಿನಲ್ಲಿರುವ ಹೆಂಡತಿ ಆಲಿಸಳಿಗೆ, ಮಗುವನ್ನು ನೋಡಿಕೋ, ಕೂಲಿ ಕೈಸೇರಿದ ಕೂಡಲೇ ಕಳಿಸುತ್ತೇನೆ ಎಂದು ಅಕ್ಕರೆಯಿಂದ ಬರೆದು, ಹುಟ್ಟುವುದು ಗಂಡಾದರೆ ಉಳಿಸಿಕೋ, ಹೆಣ್ಣಾದರೆ ಹೊರಗೆ ಎಸೆ ಎನ್ನುತ್ತಾನೆ. ಅಕ್ಕರೆಯೂ ಆ ಮಾತೂ ಒಂದೇ ಕಾಗದದಲ್ಲಿವೆ. ಯಾವ ಇತಿಹಾಸಕಾರನೂ ಬರೆದಿಡದ ಬದುಕು ಇದು.

ಕನ್ನಡಿಗರಿಗೆ ಈ ಮಾಲೆಯಲ್ಲಿ ಹೆಚ್ಚು ಪರಿಚಿತವಾದದ್ದು 1903ರ ಮೂರನೆಯ ಸಂಪುಟದ 413ನೆಯ ಪಠ್ಯ. ಕ್ರಿ.ಶ. ಎರಡನೆಯ ಶತಮಾನದ ಈ ಪ್ಯಾಪಿರಸ್‌ನಲ್ಲಿ ಒಂದು ಪ್ರಹಸನವಿದೆ. ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಕಾರಿಶನ್ ಎಂಬ ಗ್ರೀಕ್ ಹೆಣ್ಣನ್ನು, ಅಲ್ಲಿನ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಅವಳ ಸೋದರ ಬಿಡಿಸಿಕೊಂಡು ಹೋಗುವ ಕಥೆ. ರಾಜನ ಕಡೆಯವರ ಮಾತು ಗ್ರೀಕ್ ಅಲ್ಲ. ಆ ಧ್ವನಿಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ತಿದ್ದಲು ಹೋಗದೆ ಇದ್ದಂತೆ ಮುದ್ರಿಸಿದರು. ಮರುವರ್ಷವೇ ಶಾಸನತಜ್ಞ ಹುಲ್ಷ್, ಅಲ್ಲಿ ‘ಬೇರೆ’, ‘ಕೊಂಚ’, ‘ಮಧು’, ‘ಪಾತ್ರಕ್ಕೆ’, ‘ಹಾಕಿ’ ಎಂಬ ಕನ್ನಡ ಪದಗಳಿವೆ ಎಂದು ವಾದಿಸಿದ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಆ ವಾದವನ್ನು ಮುಂದುವರಿಸಿದರು, ವಿದ್ವಾಂಸ ಎಲ್. ಡಿ. ಬಾರ್ನೆಟ್ 1926ರಲ್ಲಿ ಅದನ್ನು ಒಪ್ಪಲಿಲ್ಲ. ಮಂಜೇಶ್ವರ ಗೋವಿಂದ ಪೈಗಳೂ ಇದರ ಬಗ್ಗೆ ಬರೆದರು. ಆಮೇಲೆ ಅದು ತುಳು ಎಂಬ ವಾದವೂ ಬಂತು. ಪಾನಗೋಷ್ಠಿಯ ಸಂದರ್ಭಕ್ಕೆ ಹುಲ್ಷನ ಓದು ಚೆನ್ನಾಗಿ ಹೊಂದುತ್ತದೆ ನಿಜ. ಆದರೆ ಗ್ರೀಕ್ ಲಿಪಿಯಲ್ಲಿ ಪದ ವಿಂಗಡಣೆಯಿಲ್ಲದೆ ಬರೆದ ಧ್ವನಿಗಳನ್ನು ಬೇಕಾದಂತೆ ಒಡೆಯಬಹುದಾದ್ದರಿಂದ ಇಡೀ ಸಂಭಾಷಣೆ ಕನ್ನಡವೆಂದು ಸಾಧಿಸಿದಂತಾಗಿಲ್ಲ. ಚರ್ಚೆ ಸಾಧ್ಯವಾದದ್ದೇ ಸಂಪಾದಕರು ಪಠ್ಯಕ್ಕೆ ಕೈಹಾಕದೆ ಬಿಟ್ಟಿದ್ದರಿಂದ.

1908ರಲ್ಲಿ ಆಕ್ಸ್‌ಫರ್ಡ್ ಗ್ರೆನ್‌ಫೆಲ್‌ನನ್ನು ಪ್ಯಾಪಿರಸ್ ಶಾಸ್ತ್ರದ ಪ್ರಾಧ್ಯಾಪಕನಾಗಿ ನೇಮಿಸಿತು. ಅಷ್ಟರಲ್ಲಿ ಮಾನಸಿಕ ಕಾಯಿಲೆ ಆವರಿಸಿತ್ತು. ವರ್ಷಗಟ್ಟಲೆ ಕೆಲಸ ನಿಂತುಹೋಯಿತು. ಮದುವೆಯಾಗಿರಲಿಲ್ಲ, ತಾಯಿ ಆಲಿಸ್ ಜೊತೆಗಿದ್ದು ನೋಡಿಕೊಂಡಳು. ಮಹಿಳಾ ಹಕ್ಕುಗಳ ಪರ ದುಡಿದಿದ್ದ ಆಕೆ, ವಯಸ್ಸಾದ ಮೇಲೆ ಈಜಿಪ್ಟಿನ ಚಿತ್ರಲಿಪಿ ಕಲಿತು ಜೀರುಂಡೆ ಮುದ್ರೆಗಳ ಬಗ್ಗೆ ಲೇಖನ ಬರೆದಳು. ಏಳರಿಂದ ಒಂಬತ್ತನೆಯ ಸಂಪುಟಗಳನ್ನು ಹಂಟ್ ಒಬ್ಬನೇ ಹೊರತಂದ. 1913ರಲ್ಲಿ ಪ್ರಾಧ್ಯಾಪಕ ಪೀಠವೂ ಅವನಿಗೆ ಬಂತು. ಗ್ರೆನ್‌ಫೆಲ್ ಚೇತರಿಸಿಕೊಂಡು 1914ರ ಹತ್ತನೆಯ ಸಂಪುಟದಿಂದ ಮತ್ತೆ ಜೊತೆಗೂಡಿದ. 1920ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಕೆಲ್ಸಿಯೊಂದಿಗೆ ಪ್ಯಾಪಿರಸ್ ಕೊಳ್ಳಲು ಈಜಿಪ್ಟಿಗೂ ಹೋದ. ಅನಂತರ ಕಾಯಿಲೆ ಮರುಕಳಿಸಿತು. 1926ರ ಮೇ 18ರಂದು ಸ್ಕಾಟ್ಲೆಂಡಿನಲ್ಲಿ ತೀರಿಕೊಂಡ.

ಇವರ ಉತ್ಖನನದ ಮೇಲಿರುವ ಆಕ್ಷೇಪಗಳು ನ್ಯಾಯವಾದವು. ಕಣ್ಣೆಲ್ಲ ಕಾಗದದ ಮೇಲಿದ್ದುದರಿಂದ ಯಾವ ತುಣುಕು ಯಾವ ಪದರದಲ್ಲಿ, ಯಾವುದರ ಪಕ್ಕ ಸಿಕ್ಕಿತು ಎಂಬ ದಾಖಲೆ ತೀರ ಕಡಿಮೆ. ಊರಿನ ರಂಗಮಂದಿರ, ಕಂಬಸಾಲುಗಳ ಅವಶೇಷಗಳತ್ತ ಗಮನ ಹರಿಸಿದ್ದು 1922ರಲ್ಲಿ ಅಲ್ಲಿಗೆ ಬಂದ ಪೆಟ್ರಿ. ಪ್ರಕಟವಾದ ಮೂಲ ಪ್ರತಿಗಳನ್ನು ಹಣ ಕೊಟ್ಟ ಸಂಸ್ಥೆಗಳಿಗೆ ಹಂಚಿದ್ದರಿಂದ ಒಂದೇ ಕಟ್ಟಿನ ಕಾಗದಗಳು ಹಲವು ದೇಶಗಳ ಪಾಲಾದವು. ಈಜಿಪ್ಟಿನ ನೆಲದಲ್ಲಿ ಸಿಕ್ಕ ಈ ಸಂಪತ್ತಿನ ಬಹುಭಾಗ ಇರುವುದು ಆಕ್ಸ್‌ಫರ್ಡ್‌ನಲ್ಲಿ.

ಅಲ್ಲಿ ಸುಮಾರು ಐದು ಲಕ್ಷ ತುಣುಕುಗಳಿವೆ ಎಂದು ಅಂದಾಜು. ಹೆಚ್ಚಿನವು ಇನ್ನೂ ಪ್ರಕಟವಾಗಿಲ್ಲ. 2011ರಲ್ಲಿ ಅವುಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟು ಅಕ್ಷರ ಗುರುತಿಸಲು ಸಾರ್ವಜನಿಕರ ನೆರವು ಪಡೆಯಲಾಯಿತು. ಸಂಪುಟಗಳು 80ನ್ನು ಮೀರಿವೆ. 1898ರಲ್ಲಿ ಯೇಸುವಿನ ವಚನಗಳ ಹಾಳೆಗೆ ‘1’ ಎಂದು ಹಾಕಿದ ಕ್ರಮಸಂಖ್ಯೆ ಹಾಗೆಯೇ ಮುಂದುವರಿದು ಈಗ ಐದು ಸಾವಿರವನ್ನು ದಾಟಿದೆ.